ನಿಂತಾಗ ಬೀಳುವ ಗಾಡಿ

ಅವರು ಬಿದ್ದದ್ದು ಗಾಡಿ ಓಡುವಾಗ ಅಲ್ಲ. ಜುಲೈ ತಿಂಗಳ ಒಂದು ಮಳೆಸಂಜೆ ಬರ್ಕತ್‌ಪುರಾ ಕಡೆಯಿಂದ ಕಾಚಿಗುಡದ ಮನೆಗೆ ಬರುತ್ತಿದ್ದರು. ಮುಂದಿನ ಆಟೊ ಗಕ್ಕನೆ ನಿಂತಿತು. ಬ್ರೇಕ್ ಹಿಡಿದು ಎಡಗಾಲು ಊರಿದರೆ, ಸಿಗಬೇಕಿದ್ದ ನೆಲ ನಾಲ್ಕು ಬೆರಳು ಕೆಳಗಿತ್ತು. ಸ್ಕೂಟರ್ ಮಲಗಲು ಹೊರಟ ಎಮ್ಮೆಯ ಹಾಗೆ ನಿಧಾನವಾಗಿ ವಾಲಿ ಮೊಣಕಾಲಿನ ಮೇಲೆ ಕೂತಿತು. ಹಿಂದಿದ್ದ ಹೆಂಡತಿ ಹೇಗೋ ಇಳಿದುಕೊಂಡಿದ್ದರು.

ಅವರಿಗೆ 68 ವರ್ಷ. ಕೆಲಸಕ್ಕೆಂದು ಕಲಬುರಗಿಯಿಂದ ಬಂದವರು ಇಲ್ಲೇ ನಿವೃತ್ತರಾದರು. ನಲವತ್ತು ವರ್ಷ ಸ್ಕೂಟರಿನಲ್ಲೇ ತಿರುಗಿದವರು. ವಾರಕ್ಕೆರಡು ಸಲ ಅಫ್ಜಲ್‌ಗಂಜ್‌ನ ಹಳೆಯ ಗ್ರಂಥಾಲಯ, ಹೆಂಡತಿಯ ಜೊತೆ ಕೋಠಿಯ ಸಂತೆ. ಇವೆರಡಕ್ಕೂ ಯಾರನ್ನೂ ಕೇಳಬೇಕಿರಲಿಲ್ಲ. ಮೊಣಕಾಲು ಬಾತ ಮೇಲೆ ಎಲ್ಲರೂ ಹೇಳಿದ್ದು ಒಂದೇ: ಸಾಕು, ಆಟೊದಲ್ಲಿ ಹೋಗಿ.

ಪುಣೆಯಲ್ಲಿರುವ ಮಗಳು ಮಾತ್ರ ಒಂದು ವಿಡಿಯೊ ಕಳಿಸಿದಳು. ಮುಂದೆ ಎರಡು, ಹಿಂದೆ ಒಂದು ಗಾಲಿ. ತಿರುವಿನಲ್ಲಿ ಮೂರೂ ಒಟ್ಟಿಗೆ ವಾಲುತ್ತವೆ. "ಅಪ್ಪಾ, ಇಂಥಾದ್ದು ತಗೋರಿ. ಮೂರು ಗಾಲಿ ಅದಾವ, ಬೀಳಂಗಿಲ್ಲ," ಎಂದಳು.

ಗಾಡಿ ವಾಲುವುದು ಶೋಕಿಗಲ್ಲ. ತಿರುವಿನಲ್ಲಿ ಮೈಯನ್ನು ಹೊರಕ್ಕೆ ತಳ್ಳಿದಂತಾಗುತ್ತದೆ. ದ್ವಿಚಕ್ರ ಒಳಕ್ಕೆ ವಾಲಿ ಅದನ್ನು ಸರಿದೂಗಿಸುತ್ತದೆ. ಆಟೊ ವಾಲಲಾರದು; ಅದಕ್ಕೇ ಜೋರಾಗಿ ತಿರುಗಿಸಿದರೆ ಒಳಬದಿಯ ಗಾಲಿ ಎದ್ದು ಗಾಡಿ ಮಗುಚುತ್ತದೆ. ಪಿಯಾಜಿಯೊ ಕಂಪನಿ 2006ರಲ್ಲಿ ತಂದ ಎಂಪಿ3, 2014ರ ಯಮಹಾ ಟ್ರೈಸಿಟಿ, 2018ರ ನೈಕೆನ್, ಇವೆಲ್ಲ ಈ ಎರಡರ ನಡುವೆ ದಾರಿ ಹುಡುಕಿದ ಗಾಡಿಗಳು. ಮುಂದಿನ ಎರಡು ಗಾಲಿಗಳ ನಡುವಿನ ಸಲಾಕೆಗಳ ಜೋಡಣೆ ಅವನ್ನು ಸಮಾನಾಂತರವಾಗಿ ವಾಲಿಸುತ್ತದೆ. ಒದ್ದೆ ರಸ್ತೆಯಲ್ಲಿ, ಮರಳಿನ ಮೇಲೆ ಒಂದು ಗಾಲಿ ಜಾರಿದರೂ ಇನ್ನೊಂದು ಹಿಡಿದಿರುತ್ತದೆ. ಮುಂದೆ ಹಿಡಿತ ಹೆಚ್ಚಾದ್ದರಿಂದ ಬ್ರೇಕಿಗೂ ಧೈರ್ಯ.

ಅವರು ವಿಡಿಯೊವನ್ನು ಮೂರು ಸಲ ನೋಡಿ ಕೇಳಿದರು: "ವಾಲೂದು ಖರೆ. ನಿಂತಾಗ ಏನ್ ಮಾಡ್ತದ?"

ಸರಿಯಾದ ಪ್ರಶ್ನೆ. ಎರಡೂ ಕಡೆ ಸಲೀಸಾಗಿ ವಾಲುವ ಗಾಡಿ, ನಿಂತಾಗಲೂ ಸಲೀಸಾಗಿಯೇ ವಾಲುತ್ತದೆ. ಗಾಲಿ ಮೂರಿದ್ದರೂ ಅದು ತಾನಾಗಿ ನಿಲ್ಲದು. ಎಂಪಿ3ಯಲ್ಲಿ ಇದಕ್ಕೆಂದೇ ಒಂದು ಬೀಗವಿದೆ: ವೇಗ ತೀರಾ ಇಳಿದಾಗ ಗುಂಡಿ ಒತ್ತಿದರೆ ವಾಲುವ ಜೋಡಣೆ ಬಿಗಿಯಾಗುತ್ತದೆ, ಕಾಲೂರುವುದು ಬೇಡ. ಟ್ರೈಸಿಟಿಯ ಮೊದಲ ಮಾದರಿಯಲ್ಲಿ ಅದಿರಲಿಲ್ಲ, ಕಾಲು ಊರಲೇಬೇಕು. ಮೇಲಾಗಿ ತೂಕ. ನಮ್ಮ 110 ಸಿಸಿ ಸ್ಕೂಟರ್ ನೂರು ಕಿಲೊ ಚಿಲ್ಲರೆ. ಎಂಪಿ3 ಸುಮಾರು 200 ಕಿಲೊ. ಬೀಗ ಹಾಕಲು ಮರೆತ ದಿನ ಮೊಣಕಾಲಿನ ಮೇಲೆ ಕೂರುವ ಎಮ್ಮೆ ಎರಡು ಪಟ್ಟು ದೊಡ್ಡದು. ಬೆಲೆ ಹೆಚ್ಚು, ಕೀಲುಗಳು ಹೆಚ್ಚು, ಗುಂಡಿ ತಪ್ಪಿಸುವಾಗ ಕಾಯಬೇಕಾದ ಗಾಲಿಗಳೂ ಹೆಚ್ಚು. ಹೇಗೂ ಅವರು ವಿಚಾರಿಸಿದ ಶೋರೂಮುಗಳಲ್ಲಿ ಅಂಥದ್ದು ಇರಲಿಲ್ಲ.

ಉಳಿದದ್ದು ಸೈಡ್ ವೀಲ್: ಇದ್ದ ಸ್ಕೂಟರಿನ ಹಿಂಗಾಲಿಯ ಎರಡೂ ಪಕ್ಕ ಒಂದೊಂದು ಸಣ್ಣ ಗಾಲಿ. ಅದು ವಾಲುವುದಿಲ್ಲ, ನಿಂತಾಗ ಬೀಳುವುದೂ ಇಲ್ಲ. ಆದರೆ ಹೈದರಾಬಾದಿನವರು ಆರ್‌ಟಿಎ ಎನ್ನುವ ಕಚೇರಿಯ ಒಪ್ಪಿಗೆ ಬೇಕು. 1988ರ ಮೋಟಾರು ವಾಹನ ಕಾಯ್ದೆ ಅಂಗವಿಕಲರ ಗಾಡಿಯನ್ನು 'ಇನ್‌ವ್ಯಾಲಿಡ್ ಕ್ಯಾರೇಜ್' ಎನ್ನುತ್ತಿತ್ತು. ಇನ್‌ವ್ಯಾಲಿಡ್ ಎಂದರೆ ರೋಗಿ. ಚಲಾವಣೆಗೆ ಬಾರದ್ದು ಎಂದೂ ಹೌದು. 2019ರ ತಿದ್ದುಪಡಿಯಲ್ಲಿ ಅದು 'ಅಡಾಪ್ಟೆಡ್ ವೆಹಿಕಲ್', ಅಂದರೆ ಹೊಂದಿಸಿಕೊಂಡ ಗಾಡಿ ಆಯಿತು. ಇಷ್ಟಾದರೂ ಅವರು ಒಂದು ತಿಂಗಳು ಸುಮ್ಮನಿದ್ದರು. ಓಣಿಯ ಹುಡುಗರು ನೋಡುತ್ತಾರೆಂಬ ಸಂಕೋಚ.

ಆ ತಿಂಗಳು ಗ್ರಂಥಾಲಯಕ್ಕೆ ಹೋಗಿದ್ದು ಒಂದೇ ಸಲ. ಹೆಂಡತಿಯೇ ಕೊನೆಗೆ ಅಂದರು: "ನೀವು ತಿರುವಿನಾಗ ಎಂದೂ ಬಿದ್ದಿಲ್ರಿ. ನಿಂತಾಗ ಬಿದ್ದೀರಿ. ನಿಲ್ಲೋ ಗಾಡಿ ಸಾಕು."

ವೈದ್ಯರ ಚೀಟಿ, ಅರ್ಜಿ, ಓಡಾಟ ಎಲ್ಲ ಮುಗಿದು ಗಾಲಿ ಕೂತ ದಿನ, ಒಂದು ಖಾಲಿ ಮೈದಾನದಲ್ಲಿ ಮೊದಲ ಸುತ್ತು. ಬಲಕ್ಕೆ ತಿರುಗಲು, ಎಂದಿನಂತೆ ಬಲಗೈಯಿಂದ ಹ್ಯಾಂಡಲನ್ನು ಸಣ್ಣಗೆ ಮುಂದಕ್ಕೆ ಒತ್ತಿದರು. ದ್ವಿಚಕ್ರವಾದರೆ ಅಷ್ಟಕ್ಕೇ ಬಲಕ್ಕೆ ವಾಲಿ ತಿರುಗುತ್ತದೆ. ಇದು ವಾಲದೆ ಎಡಕ್ಕೆ ಹೊರಟಿತು. ನಲವತ್ತು ವರ್ಷ ಕೈ ಹೀಗೆ ಒತ್ತುತ್ತಿದೆಯೆಂದು ಅವರಿಗೇ ತಿಳಿದಿರಲಿಲ್ಲ. ಇನ್ನು ಹ್ಯಾಂಡಲನ್ನೇ ತಿರುಗಿಸಬೇಕು, ತಿರುವಿಗೆ ಮೊದಲೇ ವೇಗ ಇಳಿಸಬೇಕು, ರಸ್ತೆ ಓರೆಯಾದ ಕಡೆ ಗಾಡಿಯೂ ಓರೆಯಾಗುವುದನ್ನು ಸಹಿಸಬೇಕು. ಎಂಟು ದಿನ ಹಿಡಿಯಿತು.

ಈಗ ಸಿಗ್ನಲ್ಲಿನಲ್ಲಿ ಅವರು ಎರಡೂ ಕಾಲು ಮೇಲಿಟ್ಟು ಕೂತಿರುತ್ತಾರೆ. ತಿರುವು ಬಂದಾಗ ಗಂಡಹೆಂಡತಿ ಇಬ್ಬರೂ ಒಳಕ್ಕೆ ವಾಲುತ್ತಾರೆ. ಗಾಡಿ ಮಾತ್ರ ನೆಟ್ಟಗಿರುತ್ತದೆ.