‘ಆಗಲ್ಲ’ ಅಂದ್ರೆ ಸಾಲದು

ದೀಪಾವಳಿಗೆ ಊರಿಗೆ ಬಂದಿದ್ದೆ. ಚಿದ್ರಿಯ ಮನೆ ಮಾಳಿಗೆ ಮೇಲೆ ಕೂತಿದ್ದಾಗ ಬೆಂಗಳೂರಿನಿಂದ ಟೀಮಿನ ಹುಡುಗಿಯೊಬ್ಬಳ ಮೆಸೇಜ್ ಬಂತು: “ತಂಗಿ ಮದುವೆಗೆ ರಜೆ ಕೇಳಿದ್ರೆ ನಿಮ್ಮ ಪ್ರೋಗ್ರಾಂ ಆಗಲ್ಲ ಅಂತಿದೆ. ಯಾಕೆ?”

ನನ್ನ ಹತ್ರ ಉತ್ತರ ಇರಲಿಲ್ಲ.

ಶಿಫ್ಟ್ ಹಾಕುವ ಆ ಪ್ರೋಗ್ರಾಮನ್ನು ಕನ್‌ಸ್ಟ್ರೇಂಟ್ ಲಾಜಿಕ್ ಭಾಷೆಯಲ್ಲಿ ಬರೆದಿದ್ದೆ. ಇಲ್ಲಿ ಲೆಕ್ಕ ಮಾಡೋದು ಹೇಗೆ ಅಂತ ಹೇಳಬೇಕಿಲ್ಲ, ನಿಯಮ ಹೇಳಿದ್ರೆ ಸಾಕು. ಎರಡು ಸಂಖ್ಯೆ ಕೂಡಿದ್ರೆ 10, ಕಳೆದ್ರೆ 2 ಅನ್ನಿ. 6 ಮತ್ತು 4 ಅಂತ ಸಾಲ್ವರ್ ಹೇಳುತ್ತೆ. ನಿಯಮಗಳು ಹೊಂದದಿದ್ರೆ ‘ಇಲ್ಲ’ ಅನ್ನುತ್ತೆ, ಅಷ್ಟೇ.

ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದೆ. “ಆಗೂದಿಲ್ಲ ಅಂದ್ರ ಯಾಕಂತ ಹೇಳಬೇಕಲ್ಲಪಾ” ಅಂದಳು.

ಪ್ರೊಲಾಗ್‌ನಲ್ಲಿ ಇದು ಸುಲಭ. ಪ್ರೋಗ್ರಾಂ ತನ್ನದೇ ನಿಯಮಗಳನ್ನು ಡೇಟಾದಂತೆ ಓದಬಲ್ಲದು; ಮೂರ್ನಾಲ್ಕು ಸಾಲಿನಲ್ಲಿ ಮೆಟಾ-ಇಂಟರ್‌ಪ್ರಿಟರ್ ಬರೀಬಹುದು. ಆದರೆ ಕನ್‌ಸ್ಟ್ರೇಂಟ್ ಸಾಲ್ವರ್ ಒಳಗೆ ಹೋದ ಮೇಲೆ ಕೈಗೆ ಸಿಗಲ್ಲ. ಪ್ರೊಲಾಗ್‌ನಲ್ಲಿ 3+4 ಅನ್ನೋದು 3+4 ಆಗೇ ಉಳಿಯುತ್ತೆ. ಸಿಎಲ್‌ಪಿ(ಆರ್)ನಲ್ಲಿ 7 ಆಗಿಬಿಡುತ್ತೆ. 1989ರಲ್ಲೇ ಹೈನ್ಟ್ಸೆ, ಮಿಖಾಯ್ಲೊವ್, ಸ್ಟಕಿ, ಯಾಪ್ ಈ ತೊಡಕಿನ ಮೇಲೆ ಪ್ರಬಂಧ ಬರೆದರು. ‘ಕೋಟ್’ ಅಂದ್ರೆ ಲೆಕ್ಕ ಮಾಡದೆ ಹಾಗೇ ಇಡು, ‘ಇವ್ಯಾಲ್’ ಅಂದ್ರೆ ಈಗ ಮಾಡು.

ಮರುದಿನ ನೌಬಾದಿನ ಕಾರೇಜ್ ಕಡೆ ಹೋಗಿದ್ದೆ. ಬಹಮನಿ ಕಾಲದ ಸುರಂಗ ಕಾಲುವೆ. ನೀರು ನೆಲದಡಿ ಹರಿಯುತ್ತೆ. ಮೇಲಿರೋದು ಸಾಲಾಗಿ ತೋಡಿದ ಬಾವಿಬಾಯಿಗಳು ಮಾತ್ರ. ಇಣುಕಿದ್ರೆ ಕೆಳಗೇನಾಗ್ತಿದೆ ಗೊತ್ತಾಗುತ್ತೆ. ನಾನು ಕಾಲುವೆ ಕಟ್ಟಿದ್ದೆ, ಬಾವಿ ತೋಡಿರಲಿಲ್ಲ.

ರಾತ್ರಿ ಕೂತು ತೋಡಿದೆ. ಪ್ರತಿ ನಿಯಮಕ್ಕೂ ಹೆಸರಿಟ್ಟು, ಸಾಲ್ವರ್‌ಗೆ ಕೊಡೋ ಮುಂಚೆ ಪಟ್ಟಿಯಲ್ಲಿ ಹಾಗೇ ಇಟ್ಕೊಂಡೆ. ‘ಇಲ್ಲ’ ಬಂದ್ರೆ ಒಂದೊಂದೇ ನಿಯಮ ತೆಗೆದು ಮತ್ತೆ ಕೇಳೋದು. ತೆಗೆದ ಮೇಲೂ ‘ಇಲ್ಲ’ ಅಂದ್ರೆ ಅದು ಬೇಕಿಲ್ಲ, ಆಚೆಗಿಡು. ‘ಹೌದು’ ಅಂದ್ರೆ ಜಗಳದಲ್ಲಿ ಅದರ ಪಾಲಿದೆ, ವಾಪಸ್ ಸೇರಿಸು. ಕೊನೆಗೆ ಉಳಿಯೋದೇ ಕಾರಣ.

ಎರಡು ನಿಯಮ ಉಳಿದವು. ಒಂದು ಅವಳ ರಜೆ. ಇನ್ನೊಂದು, ಹೊಸಬರಿಗೆ ಆ ತಿಂಗಳು ರಜೆ ಇಲ್ಲ ಅನ್ನೋದು. ಹಿಂದಿನ ವರ್ಷ ರಿಲೀಸ್ ಒತ್ತಡದಲ್ಲಿ ‘ಸದ್ಯಕ್ಕೆ’ ಅಂತ ನಾನೇ ಸೇರಿಸಿ ಮರೆತದ್ದು!

ಮ್ಯಾನೇಜರ್‌ಗೆ ಹೇಳಿ ತೆಗೆದೆ. ಅವಳಿಗೆ ಸಾರಿ ಅಂತ ಬರೆದೆ. ಇಷ್ಟು ದಿನ ಎಲ್ಲರಿಗೂ “ಸಿಸ್ಟಮ್ ಒಪ್ತಿಲ್ಲ” ಅಂತಿದ್ದೆನಲ್ಲ, ಒಪ್ಪದಿದ್ದದ್ದು ನಾನು.