ಪಟ್ಟಿಯಲ್ಲಿ ಉಳಿದ ನಾಲ್ಕು ಊರುಗಳು

ನಮ್ಮ ಕೊಡಗು ಜಿಲ್ಲೆಯಲ್ಲಿ ರೈಲಿಲ್ಲ. ಹಳಿಯೂ ಇಲ್ಲ, ನಿಲ್ದಾಣವೂ ಇಲ್ಲ. ಮಡಿಕೇರಿಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ನಾನು ಮೊದಲ ಸಲ ರೈಲಿನಲ್ಲಿ ಕುಳಿತದ್ದು ಬಿ.ಕಾಂ. ಮುಗಿಸಿದ ಮೇಲೆ, ಬ್ಯಾಂಕಿನ ಸಂದರ್ಶನಕ್ಕೆಂದು ಮೈಸೂರಿನಿಂದ ಬೆಂಗಳೂರಿಗೆ ಹೊರಟಾಗ. ಆಗ ಅದು ಮೀಟರ್‌ಗೇಜ್ ಹಳಿ. ಕಿಟಕಿಯ ಪಕ್ಕ ಕುಳಿತು ಮಂಡ್ಯದ ಕಬ್ಬಿನ ಗದ್ದೆ ನೋಡುತ್ತಾ ನೋಡುತ್ತಾ, ಸಂದರ್ಶನಕ್ಕೆ ಓದಿಕೊಂಡದ್ದನ್ನೆಲ್ಲ ಮರೆತುಬಿಟ್ಟಿದ್ದೆ. ಕೆಲಸವೇನೋ ಸಿಕ್ಕಿತು. ಆದರೆ ರೈಲಿನ ಕಿಟಕಿಯ ಆಸೆ ಮಾತ್ರ ಅಂದಿನಿಂದ ಇಂದಿನವರೆಗೂ ಹೋಗಿಲ್ಲ.

ಹಾಗಾಗಿ, ಸ್ಟುಟ್‌ಗಾರ್ಟಿನಲ್ಲಿರುವ ಮಗಳು ಫೋನು ಮಾಡಿ, "ಅಪ್ಪಾ, ಏಪ್ರಿಲಿನಲ್ಲಿ ಈಸ್ಟರ್ ರಜೆ ಎರಡು ವಾರ ಇದೆ. ನೀವೂ ಅಮ್ಮನೂ ಬನ್ನಿ. ಯುರೋಪಿನಲ್ಲಿ ಯಾವ ಯಾವ ಊರು ನೋಡಬೇಕೋ ಪಟ್ಟಿ ಮಾಡಿ ಕಳಿಸಿ, ರೈಲಿನಲ್ಲೇ ಹೋಗೋಣ" ಎಂದಾಗ ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಅಂದು ರಾತ್ರಿಯೇ ಹಳೆಯ ಲೆಡ್ಜರಿನ ಖಾಲಿ ಹಾಳೆಯಲ್ಲಿ ಪಟ್ಟಿ ಬರೆದೆ. ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್, ರೋಮ್, ಜೂರಿಕ್, ಬಾಸೆಲ್. ಒಟ್ಟು 11 ಊರು, 15 ದಿನ.

ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. "ಇದು ಪ್ರವಾಸವೋ, ವರ್ಗಾವಣೆಯೋ?" ಎಂದು ಕೇಳಿದಳು.

ಬ್ಯಾಂಕಿನವನ ಹೆಂಡತಿಗೆ ವರ್ಗಾವಣೆ ಎಂದರೇನೆಂದು ಚೆನ್ನಾಗಿ ಗೊತ್ತು. ಪಾತ್ರೆ ಕಟ್ಟುವುದು, ಪಾತ್ರೆ ಬಿಚ್ಚುವುದು. ಅವಳ ಎಡಮಂಡಿ ನೋವು ಬೇರೆ. ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಒಂದು ಊರು ಬದಲಾಯಿಸಲು ಚೀಲ ಕಟ್ಟಿ, ನಿಲ್ದಾಣಕ್ಕೆ ಹೋಗಿ, ರೈಲು ಕಾದು, ಇಳಿದು, ಹೋಟೆಲು ಹುಡುಕುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಹತ್ತು ಸಲ ಬದಲಾಯಿಸಿದರೆ ಐದು ದಿನ ಚೀಲಕ್ಕೇ ಜಮಾ! ಉಳಿದ ಹತ್ತು ದಿನದಲ್ಲಿ 11 ಊರು. ಈ ಖಾತೆ ತಾಳೆಯಾಗುವುದಿಲ್ಲ ಎಂದು ನನಗೂ ಅನ್ನಿಸಿತು. ಆದರೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಎಪ್ಪತ್ತು ದಾಟಿದವನಿಗೆ ಇಂಥ ಅವಕಾಶ ಎಷ್ಟು ಸಲ ಬರುತ್ತದೆ?

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಮ್ಮ ಮೊಮ್ಮಗಳಿಗೆ ಆಗ ಹನ್ನೊಂದು ವರ್ಷ. ಪ್ರತಿ ಭಾನುವಾರ ವಿಡಿಯೊ ಫೋನಿನಲ್ಲಿ ಮಾತು. ಚಿಕ್ಕವಳಿದ್ದಾಗ ಅಜ್ಜಿಯೊಡನೆ ಮುದ್ದಾಗಿ ಕನ್ನಡ ಮಾತಾಡುತ್ತಿದ್ದವಳು ಬರಬರುತ್ತಾ ಇಂಗ್ಲಿಷಿಗೆ ಇಳಿದಿದ್ದಳು. ಅಜ್ಜಿಗೆ ಇಂಗ್ಲಿಷ್ ಬಾರದು. ಹೀಗಾಗಿ ಅಜ್ಜಿ, ಮೊಮ್ಮಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕು, "ಊಟ ಆಯ್ತಾ?", "ಆಯ್ತು" ಎಂಬಲ್ಲಿಗೆ ಮುಗಿಸುತ್ತಿದ್ದರು. ಒಂದು ಭಾನುವಾರ ನಾನು ಸ್ವಲ್ಪ ಗದರಿದೆ. ಅವಳು ಕೇಳಿದಳು: "ತಾತ, ನಾನು ಯಾಕೆ ಕನ್ನಡ ಕಲೀಬೇಕು? ಇಲ್ಲಿ ನನ್ನ ಸ್ಕೂಲಲ್ಲಿ ಒಬ್ಬರಿಗೂ ಗೊತ್ತಿಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಮೂವತ್ತಾರು ವರ್ಷ ಕೌಂಟರಿನಲ್ಲಿ ಕುಳಿತು ಎಂಥೆಂಥ ಗಿರಾಕಿಗಳಿಗೋ ಉತ್ತರ ಕೊಟ್ಟವನು ನಾನು. ಅಂದು ಮಾತ್ರ, "ನೋಡೋಣ, ಮುಂದಿನ ವಾರ ಹೇಳ್ತೀನಿ" ಎಂದು ಕೌಂಟರು ಮುಚ್ಚಿದೆ.

ಆ ವಾರವಿಡೀ ಪಟ್ಟಿ ಹಿಡಿದುಕೊಂಡು ಕುಳಿತೆ. ಪ್ರತಿ ಊರಿನ ಮುಂದೆ, "ಇಲ್ಲಿಗೆ ಯಾಕೆ?" ಎಂದು ಬರೆಯಲು ಹೊರಟೆ. ಪ್ಯಾರಿಸಿಗೆ ಯಾಕೆ? ಎಲ್ಲರೂ ಹೋಗುತ್ತಾರೆ. ರೋಮಿಗೆ ಯಾಕೆ? ಎಲ್ಲರೂ ಹೋಗುತ್ತಾರೆ. ಎಂಟು ಊರುಗಳಿಗೆ ಇದೇ ಉತ್ತರ ಬಂತು. ಆಮ್‌ಸ್ಟರ್‌ಡಾಮಿಗೆ, ಲಂಡನ್ನಿಗೆ, ಬಾಸೆಲಿಗೆ ಮಾತ್ರ ಬೇರೆ ಉತ್ತರವಿತ್ತು.

ಆಮ್‌ಸ್ಟರ್‌ಡಾಮ್ ನನ್ನ ಹೆಂಡತಿಗಾಗಿ. 'ಸಿಲ್ಸಿಲಾ' ಸಿನಿಮಾದಲ್ಲಿ ಅಮಿತಾಭ್, ರೇಖಾ ಓಡಾಡುವ ಟ್ಯೂಲಿಪ್ ತೋಟ ನೆನಪಿದೆಯೇ? ಅದು ಹಾಲೆಂಡಿನ ಕ್ಯೂಕೆನ್‌ಹಾಫ್. ವರ್ಷಕ್ಕೆ ಎಂಟು ವಾರ, ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ ಅದರ ಬಾಗಿಲು ತೆರೆದಿರುತ್ತದೆ. ಆ ಸಿನಿಮಾ ಬಂದದ್ದು 1981ರಲ್ಲಿ. ಅಂದಿನಿಂದ ಅವಳಿಗೆ ಆ ಹೂಗಳ ಆಸೆ.

ಬಾಸೆಲ್ ನನ್ನ ಬಾಲ್ಯದ ಆಸೆ. ನಮ್ಮ ಹಳೆಯ ಮನೆಯ ಹೆಂಚಿನ ಮೇಲೆ 'ಬಾಸೆಲ್ ಮಿಷನ್' ಎಂಬ ಅಚ್ಚು ಇತ್ತು. ನಾನು ಅಕ್ಷರ ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಪದಗಳಲ್ಲಿ ಅದೂ ಒಂದು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ ನೀರು ಬೀಳದಂತೆ ಕಾದದ್ದು ಆ ಹೆಂಚು.

ಲಂಡನ್ ಎಂದರೆ ನನಗೆ ರಾಣಿಯ ಅರಮನೆಯಲ್ಲ, ಗೌರಮ್ಮ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಬ್ರಿಟಿಷರು ಅರಸನನ್ನು ಪಟ್ಟದಿಂದ ಇಳಿಸಿ ಕೊನೆಗೆ ಕಾಶಿಯಲ್ಲಿಟ್ಟರು. ಮಗಳು ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ತಂದೆ ಅವಳನ್ನು ಲಂಡನ್ನಿಗೆ ಕರೆದೊಯ್ದ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು, 'ವಿಕ್ಟೋರಿಯಾ ಗೌರಮ್ಮ' ಎಂಬ ಹೆಸರಾಯಿತು. ಆಮೇಲೆ ಹುಡುಗಿ ಬೆಳೆದದ್ದು ಇಂಗ್ಲಿಷರ ಮನೆಗಳಲ್ಲಿ, ತಂದೆಯಿಂದ ದೂರ. ತಂದೆ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಗೌರಮ್ಮ 1864ರಲ್ಲಿ ಹೋದಳು. ವಯಸ್ಸು ಇಪ್ಪತ್ತೆರಡು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ. ಅಲ್ಲಿ ಒಂದು ಹೂವಿಟ್ಟು ಬರಬೇಕೆಂದು ನನ್ನಾಸೆ.

ಮುಂದಿನ ಭಾನುವಾರ ಮೊಮ್ಮಗಳಿಗೆ ಈ ಕತೆ ಹೇಳಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಲಂಡನ್ನಿಗೆ ಬಂದಾಗ ಗೌರಮ್ಮನಿಗೂ ಹೆಚ್ಚುಕಡಿಮೆ ಅವಳದೇ ವಯಸ್ಸು. ಆಮೇಲೆ ಕೇಳಿದಳು: "ತಾತ, ಅಪ್ಪನ ಜೊತೆಗೂ ಇರಲಿಲ್ಲ ಅಂದ್ರೆ, ಅವಳ ಮನೆ ಮಾತು ಆಡೋಕೆ ಯಾರಿದ್ರು?"

ಅದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಈ ಸಲ ಸುಮ್ಮನಿರಲು ಬೇಸರವಾಗಲಿಲ್ಲ.

ಅಳಿಯ ನಮ್ಮ ಪಟ್ಟಿಗೆ ರೈಲಿನ ಲೆಕ್ಕ ತೋರಿಸಿದ. ಹೋಗಬಯಸುವ ಅಜ್ಜ-ಅಜ್ಜಿಯರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಯುರೋಪಿನ ಹೊರಗಿನಿಂದ ಹೋಗುವವರಿಗೆ 'ಯೂರೇಲ್ ಪಾಸ್' ಎಂಬುದಿದೆ. ಒಂದು ತಿಂಗಳೊಳಗೆ ನಾಲ್ಕು ದಿನ, ಐದು ದಿನ, ಏಳು ದಿನ ಹೀಗೆ ಪ್ರಯಾಣದ ದಿನಗಳನ್ನು ಕೊಳ್ಳಬಹುದು. 60 ದಾಟಿದವರಿಗೆ ರಿಯಾಯಿತಿ ಇದೆ. ಆದರೆ ಪ್ಯಾರಿಸ್, ಲಂಡನ್ ಕಡೆಯ ವೇಗದ ರೈಲುಗಳಿಗೆ ಪಾಸಿನ ಮೇಲೆ ಸೀಟಿನ ಹಣ ಬೇರೆ ಕಟ್ಟಬೇಕು. ವೀಸಾದ್ದೂ ಹೀಗೆಯೇ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಎಲ್ಲಕ್ಕೂ ಷೆಂಗೆನ್ ಎಂಬ ಒಂದೇ ವೀಸಾ. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು, 30,000 ಯೂರೊ ಮೊತ್ತದ ಪ್ರವಾಸ ವಿಮೆ ಇರಬೇಕು. ಬ್ರಿಟನ್ ಇದರೊಳಗಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ.

ಲೆಕ್ಕ ಕೂಡಿಸಿದೆ. ಲಂಡನ್ನಿನ ಮೂರು ದಿನಕ್ಕೆ ಆಗುವ ಖರ್ಚಿನಲ್ಲಿ ಉಳಿದ ಪ್ರವಾಸವೆಲ್ಲ ಮುಗಿಯುತ್ತಿತ್ತು. ಪಿಂಚಣಿಯ ಹಣ ಎಷ್ಟು ಎಳೆದರೂ ಹಿಗ್ಗುವುದಿಲ್ಲ. ಕೆಂಪು ಶಾಯಿಯಲ್ಲಿ ಲಂಡನ್ ಹೊಡೆದುಹಾಕಿದೆ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಆಗ ಮಗಳು ಒಂದು ಸೂತ್ರ ಕೊಟ್ಟಳು. "ಮನೆ ಬಿಟ್ಟು ಬೇರೆಲ್ಲೂ ಮಲಗುವುದು ಬೇಡ. ಹೋಗಿ ಬಂದು ರಾತ್ರಿ ನಮ್ಮ ಮನೆಯಲ್ಲೇ ಅನ್ನ ಸಾರು. ತೀರಾ ದೂರವಾದರೆ ಒಂದು ರಾತ್ರಿ ಹೊರಗೆ. ಅಷ್ಟರೊಳಗೆ ಒಬ್ಬೊಬ್ಬರು ಒಂದೊಂದು ಊರು ಆರಿಸಿ."

ಹೆಂಡತಿ ಆರಿಸಿದ್ದು ಹೂವು. ಹಾಲೆಂಡ್ ದೂರವಾಯಿತು. ಆದರೆ ಕಾನ್‌ಸ್ಟಾನ್ಸ್ ಊರಿನ ದೊಡ್ಡ ಸರೋವರದಲ್ಲಿ ಮೈನೌ ಎಂಬ ಹೂವಿನ ದ್ವೀಪವಿದೆ, ಏಪ್ರಿಲಿನಲ್ಲಿ ಟ್ಯೂಲಿಪ್ ಅರಳುತ್ತದೆ ಎಂದು ಅಳಿಯ ಹುಡುಕಿಕೊಟ್ಟ. "ಅಮಿತಾಭ್ ಬಚ್ಚನ್ ಬೇಡವೇ?" ಎಂದೆ. "ಮಂಡಿ ನೋವಿನವಳ ಹಿಂದೆ ಅವನೇನು ಓಡಿ ಬರುತ್ತಾನೆಯೇ?" ಎಂದಳು.

ಮೊಮ್ಮಗಳು ಬಾಸೆಲನ್ನು ತಾನು ತೆಗೆದುಕೊಂಡಳು. ಹೆಂಚಿಗಾಗಿ ಅಲ್ಲ. ಅಲ್ಲಿ ರೈನ್ ನದಿಯ ದಡದಲ್ಲಿ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮೂರೂ ಕೂಡುತ್ತವೆ. ಊರಿನ ಟ್ರಾಮಿನಲ್ಲಿ ಕುಳಿತರೆ ಒಂದು ಗಾಡಿ ಜರ್ಮನಿಗೆ, ಇನ್ನೊಂದು ಫ್ರಾನ್ಸಿಗೆ ಹೋಗುತ್ತದೆ. ನಾವು ಬಸ್ಸಿನಲ್ಲಿ ಕುಟ್ಟ ದಾಟಿ ಕೇರಳಕ್ಕೆ ಹೋದಂತೆಯೇ! ಹೇಗೂ ಊರು ಪಟ್ಟಿಯಲ್ಲಿ ಉಳಿಯಿತಲ್ಲ ಎಂದು ನಾನು ಬಾಯಿ ಮುಚ್ಚಿಕೊಂಡೆ.

ನನ್ನ ಸರದಿ ಬಂತು. ಬಾಸೆಲ್ ಮಿಷನ್ನಿನ ಬಗ್ಗೆ ಓದುತ್ತಿದ್ದಾಗ, ಭೂಪಟದಲ್ಲಿ ಮಗಳ ಮನೆಯ ಹತ್ತಿರವೇ ಎರಡು ಊರು ಕಣ್ಣಿಗೆ ಬಿದ್ದಿದ್ದವು. ಎಸ್‌ಲಿಂಗೆನ್ ಮತ್ತು ಟ್ಯೂಬಿಂಗೆನ್. ಎರಡೂ ನೆಕ್ಕರ್ ನದಿಯ ದಡದಲ್ಲಿವೆ. ಸ್ಟುಟ್‌ಗಾರ್ಟಿನಿಂದ ಮೊದಲನೆಯದಕ್ಕೆ ರೈಲಿನಲ್ಲಿ ಕಾಲು ಗಂಟೆ, ಎರಡನೆಯದಕ್ಕೆ ಒಂದು ಗಂಟೆ.

ಹರ್ಮನ್ ಮೋಗ್ಲಿಂಗ್ ಹೆಸರನ್ನು ನೀವು ಶಾಲೆಯಲ್ಲಿ ಕೇಳಿರುತ್ತೀರಿ. 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ಹೊರಡಿಸಿದವರು. ಅದಕ್ಕೇ ಇಂದಿಗೂ ನಮ್ಮಲ್ಲಿ ಜುಲೈ 1 ಪತ್ರಿಕಾ ದಿನ. ಆಮೇಲೆ ಅವರು ಕೊಡಗಿಗೂ ಬಂದರು. ಅಮ್ಮತ್ತಿಯ ಬಳಿಯ ಆನಂದಪುರ ಅವರು ನೆಲೆಸಿದ್ದ ಜಾಗ. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಅವರು ಓದಿದ್ದು ಟ್ಯೂಬಿಂಗೆನ್ನಿನಲ್ಲಿ, 1881ರಲ್ಲಿ ತೀರಿಕೊಂಡದ್ದು ಎಸ್‌ಲಿಂಗೆನ್ನಿನಲ್ಲಿ. ಇನ್ನು ಫರ್ಡಿನಾಂಡ್ ಕಿಟೆಲ್. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವರ ಕೊನೆಯ ದಿನಗಳು ಟ್ಯೂಬಿಂಗೆನ್ನಿನಲ್ಲೇ ಕಳೆದು, 1903ರಲ್ಲಿ ಅಲ್ಲೇ ತೀರಿಕೊಂಡರು.

ಮೊಮ್ಮಗಳಿಗೆ ಫೋನು ಮಾಡಿ ಹೇಳಿದೆ: "ಕೌಂಟರು ತೆರೆದಿದೆ. ನಿನ್ನ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದೆ. ನಿನ್ನೂರಿನ ಪಕ್ಕದ ಜನಕ್ಕೆ ಕನ್ನಡ ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಊರುಗಳನ್ನು ನೋಡೋಣ." ಅವಳು ನಂಬಲಿಲ್ಲ. ಹುಡುಕಿ ನೋಡಿ, ಹತ್ತು ನಿಮಿಷ ಬಿಟ್ಟು ತಾನೇ ಮತ್ತೆ ಫೋನು ಮಾಡಿದಳು. "ತಾತ, ನಿಜ!"

ಹೀಗೆ ಹನ್ನೊಂದು ಊರು ಹೋಗಿ ನಾಲ್ಕು ಉಳಿದವು. ಬಹಳಷ್ಟು ಓಡಾಟ ಜರ್ಮನಿಯೊಳಗೇ ಆದ್ದರಿಂದ ಯೂರೇಲ್ ಪಾಸೂ ಬೇಕಾಗಲಿಲ್ಲ. ಅಲ್ಲಿ ತಿಂಗಳಿಗೆ ಒಂದು ಟಿಕೆಟ್ ಇದೆ. ವೇಗದ ರೈಲು ಬಿಟ್ಟು ಊರೂರಿಗೆ ನಿಲ್ಲುವ ರೈಲು, ಬಸ್ಸು, ಟ್ರಾಮುಗಳಿಗೆ ದೇಶವಿಡೀ ನಡೆಯುತ್ತದೆ. 2025ರಲ್ಲಿ ಅದಕ್ಕೆ 58 ಯೂರೊ. ನಿಧಾನದ ರೈಲು ನಮ್ಮಂಥವರಿಗೆ ಇನ್ನೂ ಒಳ್ಳೆಯದು. ಕಿಟಕಿಯ ಹೊರಗೆ ಕಂಡದ್ದು ಏನೆಂದು ತಿಳಿಯುತ್ತದೆ.

ಹೊರಡುವ ಮುನ್ನ ನಮ್ಮ ತೋಟದಲ್ಲಿ ಹೂಮಳೆ ಬಂದು ಕಾಫಿ ಅರಳಿ, ಬೆಟ್ಟವೆಲ್ಲ ಮಲ್ಲಿಗೆಯಂತೆ ಬೆಳ್ಳಗಾಗಿತ್ತು. ಅಲ್ಲಿ ಹೋದರೆ ಸೇಬು, ಚೆರ್ರಿ ಮರಗಳಲ್ಲಿ ಹಾಗೆಯೇ ಬಿಳಿ ಹೂವು. "ಇಲ್ಲಿಯೂ ಹೂಮಳೆ ಬಂದಿದೆ" ಎಂದಳು ಹೆಂಡತಿ. ಮೈನೌ ದ್ವೀಪದಲ್ಲಿ ಅವಳು ಎರಡು ಗಂಟೆ ಒಂದೇ ಬೆಂಚಿನ ಮೇಲೆ ಕುಳಿತಿದ್ದಳು. ಮುಂದೆ ಕೆಂಪು ಟ್ಯೂಲಿಪ್, ಹಿಂದೆ ಸರೋವರ. ಹನ್ನೊಂದು ಊರಿನ ಪಟ್ಟಿಯಲ್ಲಿ ಆ ಎರಡು ಗಂಟೆಗೆ ಜಾಗವಿರಲಿಲ್ಲ.

ಟ್ಯೂಬಿಂಗೆನ್ನಿನ ನೆಕ್ಕರ್ ಸೇತುವೆಯ ಮೇಲೆ ನಿಂತಾಗ ಮೊಮ್ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. ಮೋಗ್ಲಿಂಗ್ ಯಾರು, ಕಿಟೆಲ್ ಯಾರು ಎಂದು ತಾನೇ ವಿವರಿಸಿದಳು. ಕನ್ನಡದಲ್ಲಿ. "ಅವರು ತುಂಬಾ ಮಾತುಗಳನ್ನು ಕೂಡಿಹಾಕಿದಳು" ಎಂದಳು. ಅಜ್ಜಿ, "ಹಾಕಿದರು" ಎಂದು ತಿದ್ದಿದಳು. "ಹಾಕಿದರು" ಎಂದು ಅವಳು ಒಪ್ಪಿಕೊಂಡು ಮುಂದುವರಿಸಿದಳು. ನಾನು ಸ್ವಲ್ಪ ಹಿಂದೆ ನಿಂತು ನದಿ ನೋಡುತ್ತಿದ್ದೆ.

ಈಗ ಭಾನುವಾರದ ಮಾತು "ಊಟ ಆಯ್ತಾ" ದಾಟಿ ಮುಂದೆ ಹೋಗುತ್ತದೆ. ಎಲ್ಲ ಸರಿಹೋಯಿತೆಂದು ಹೇಳಲಾರೆ. ನಡುನಡುವೆ ಇಂಗ್ಲಿಷ್ ಬರುತ್ತದೆ, ಅಜ್ಜಿ ನನ್ನ ಮುಖ ನೋಡುತ್ತಾಳೆ. ಆದರೆ ಕಳೆದ ತಿಂಗಳು ಒಂದು ಲಕೋಟೆ ಬಂತು. ಒಳಗೆ ಗೆರೆ ಹಾಳೆಯ ಮೇಲೆ ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ, 'ಮುಂದಿನ ಪಟ್ಟಿ' ಎಂದು ಬರೆದಿದ್ದಳು. ಅದರ ಕೆಳಗೆ ಒಂದೇ ಊರು: 'ಲಂಡನ'. ಪಕ್ಕದಲ್ಲಿ, 'ಗೌರಮ್ಮನಿಗೆ ಹೂವು. ನಾನು ದುಡ್ಡು ಕೂಡಿಸುತಿದೇನೆ.'

ಅಜ್ಜಿ ತಪ್ಪು ತಿದ್ದಿ ಕಳಿಸೋಣ ಎಂದಳು. ನಾನು ಬೇಡವೆಂದು, ಹಾಳೆಯನ್ನು ಮಡಚಿ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡೆ.