ಎಂಜಿನ್ನನ್ನು ಅರಸುತ್ತ ನಾಲ್ಕು ಊರು

ಜಮಖಂಡಿಗೆ ಹೋಗುವವರು ಸಾಮಾನ್ಯವಾಗಿ ರಾಮತೀರ್ಥದ ಅರಮನೆಯನ್ನು ನೋಡಲು ಹೋಗುತ್ತಾರೆ. ಮುಧೋಳಕ್ಕೆ ಹೋಗುವವರಿಗೆ ರನ್ನನ ಹುಟ್ಟೂರೆಂಬ ಅಭಿಮಾನವಿರುತ್ತದೆ, ಇಲ್ಲವೆ ಅಲ್ಲಿಯ ಬೇಟೆನಾಯಿಯನ್ನು ನೋಡುವ ಕುತೂಹಲವಿರುತ್ತದೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಕಳೆದ ದಸರೆಯ ರಜೆಯಲ್ಲಿ ಈ ಊರುಗಳನ್ನು ಸುತ್ತಿದ್ದು ಮಾತ್ರ ಒಂದು ಎಂಜಿನ್ನಿಗಾಗಿ ಎಂದರೆ ವಾಚಕರು ನಗಬಹುದು.

ಜಮಖಂಡಿಯಲ್ಲಿ ನನ್ನ ಸೋದರಮಾವನ ಮನೆ. ಅಂಗಳದ ಬೇವಿನ ಮರದಡಿ 1962ರ ಜೀಪೊಂದು ನಿಂತಿದೆ. ಅಜ್ಜ ಅದನ್ನು ಸರಕಾರಿ ಹರಾಜಿನಲ್ಲಿ ಕೊಂಡಿದ್ದರಂತೆ. ಬೆಲ್ಲದ ಪೆಂಟೆಗಳು, ಮದುಮಕ್ಕಳು, ಹೆರಿಗೆಯ ಹೆಂಗಸರು, ಎಲ್ಲರೂ ಅದರಲ್ಲಿ ಪಯಣಿಸಿದ್ದಾರೆ. ಈಗ ಅದು ಏರು ಕಂಡರೆ ಏದುತ್ತದೆ, ಹೊಗೆ ಉಗುಳುತ್ತದೆ, ಪೆಟ್ರೋಲಿನೊಡನೆ ಆಯಿಲನ್ನೂ ಕುಡಿಯುತ್ತದೆ.

ಮಾವನ ಮಗನಿಗೆ ಇದಕ್ಕೊಂದು ಉಪಾಯ ಹೊಳೆದಿತ್ತು. ಅಮೆರಿಕದಲ್ಲಿ ‘ಮಸಲ್ ಕಾರು’ ಎಂಬ ಜಾತಿಯ ವಾಹನಗಳಿವೆ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರೊಂದಕ್ಕೆ ಆರು ಲೀಟರಿಗೂ ದೊಡ್ಡದಾದ, 325 ಅಶ್ವಶಕ್ತಿಯ ಎಂಜಿನ್ನು ಕೂಡಿಸಿ ‘ಜಿಟಿಓ’ ಎಂದು ಹೆಸರಿಟ್ಟಿತು. ಜನ ಮುಗಿಬಿದ್ದು ಕೊಂಡರು. ಅಂಥ ಹಳೆಯ ಕಾರುಗಳಿಗೆ ಈಗಿನವರು ಹೊಸ ಎಂಜಿನ್ನು ಕೂಡಿಸುವ ಚಿತ್ರಗಳನ್ನು ಫೋನಿನಲ್ಲಿ ನೋಡಿ ನೋಡಿ, “ಅಪ್ಪಾ, ನಮ್ಮ ಜೀಪಿಗೂ ಡೀಸೆಲ್ ಎಂಜಿನ್ ಕೂಡಸೂಣು” ಎಂದು ಹುಡುಗ ಹಟ ಹಿಡಿದಿದ್ದ. ಮಾವ ಕಬ್ಬಿನ ಬಿಲ್ಲಿನಿಂದ 90,000 ರೂಪಾಯಿ ಎತ್ತಿಟ್ಟಿದ್ದರು. ಓದಿದವನೆಂಬ ತಪ್ಪಿಗೆ ಲೆಕ್ಕ ಬರೆಯುವ ಕೆಲಸ ನನಗೆ ಬಂತು.

ಹೊರಡುವ ಮುನ್ನ ಜಮಖಂಡಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿದೆವು. ಎಂಜಿನ್ನು ಬದಲಿಸಲು ಮೊದಲೇ ಅನುಮತಿ ಬೇಕು. ಬದಲಿಸಿದ ಮೇಲೆ ಆರ್‌ಸಿ ಪುಸ್ತಕದಲ್ಲಿ ದಾಖಲೆಯಾಗಬೇಕು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ‘ವಿಂಟೇಜ್’ ನೋಂದಣಿ ಇನ್ನೊಂದು ದಾರಿ. ಆದರೆ ಅದಕ್ಕೆ ಎಂಜಿನ್ನು, ಮೈಕಟ್ಟು ಮೂಲರೂಪದಲ್ಲಿಯೇ ಇರಬೇಕು. ಪ್ರದರ್ಶನ, ಮೆರವಣಿಗೆಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಮಾವ ತಲೆಯಲ್ಲಾಡಿಸಿದರು. “ಗಾಡಿ ಅಂದ್ರ ಓಡಬೇಕು ತಮ್ಮಾ. ನೋಡಾಕ ಇಡಾಕ ಅದೇನು ಗೊಂಬಿ ಏನು?”

ಮರುದಿನ ಮೂವರೂ ಬಸ್ಸು ಹತ್ತಿ ಬನಹಟ್ಟಿಗೆ ಹೋದೆವು. ಜೀಪಿನ ಗೇರ್‌ಬಾಕ್ಸಿಗೂ ಬೇರೆ ಎಂಜಿನ್ನಿಗೂ ನಡುವೆ ಜೋಡಣೆಯ ತಟ್ಟೆಯೊಂದು ಬೇಕು. ಅದನ್ನು ಕಡೆದು ಕೊಡುವ ಲೇತ್ ಅಂಗಡಿ ಅಲ್ಲಿತ್ತು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಾತಿಗಿಂತ ಮಗ್ಗದ ಸದ್ದೇ ಹೆಚ್ಚು. ಲೇತಿನ ಪಕ್ಕದ ಮನೆಯ ವೃದ್ಧ ನೇಕಾರರು ನಮಗೆ ಚಹಾ ಕೊಟ್ಟು, ನಮ್ಮ ಕಥೆ ಕೇಳಿ ನಕ್ಕರು. ಅವರೂ ಒಂದು ಕಾಲಕ್ಕೆ ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗ ಹಿಡಿದವರು.

“ಕೈಮಗ್ಗಕ್ಕ ಮೋಟಾರ್ ಕಟ್ಟಿದ್ರ ಪಾವರ್‌ಲೂಮ್ ಆಗೂದಿಲ್ರಿ ಸರ. ಕಟಿಗಿ ಚೌಕಟ್ಟು ಮನಷ್ಯಾನ ಕೈಗೆ ಮಾಡಿದ್ದು. ಮೋಟಾರ್ ಜಗ್ಗಿದ್ರ ಅದು ಬಿಚ್ಚಿ ಬೀಳತೈತಿ. ಅದಕ್ಕ ಚೌಕಟ್ಟೂ ಕಬ್ಬಿಣದ್ದು ಆತು.”

ನಾನು ಓದಿದ ಯಾವ ಗ್ರಂಥದಲ್ಲಿಯೂ ನಮ್ಮ ಸಮಸ್ಯೆಗೆ ಇಷ್ಟು ಸ್ಪಷ್ಟವಾದ ವ್ಯಾಖ್ಯಾನ ಸಿಕ್ಕಿರಲಿಲ್ಲ.

ಅಲ್ಲಿಂದ ಮುಧೋಳ. ಘಟಪ್ರಭೆಯ ಮಗ್ಗುಲಲ್ಲಿರುವ ಈ ಊರಿನಲ್ಲಿ ಹಳೆಯ ಜೀಪುಗಳ ನಾಡಿ ಬಲ್ಲ ಮಿಸ್ತ್ರಿಯೊಬ್ಬರಿದ್ದರು. ಗ್ಯಾರೇಜಿನ ಮೂಲೆಯಲ್ಲಿ ಗುಜರಿಯಿಂದ ಬಂದ ಪ್ಯೂಜೋ ಡೀಸೆಲ್ ಎಂಜಿನ್ನಿತ್ತು. 2,112 ಸಿ.ಸಿ.ಯ ಈ ಎಂಜಿನ್ನನ್ನು ಮಹೀಂದ್ರಾ ಕಂಪನಿ ತನ್ನ ಜೀಪುಗಳಿಗೆ ಬಳಸುತ್ತಿತ್ತು. ಹಳೆಯ ಪೆಟ್ರೋಲ್ ಜೀಪಿನವರು ಹುಡುಕಿಕೊಂಡು ಬರುವುದೂ ಹೆಚ್ಚಾಗಿ ಇದನ್ನೇ. ಹುಡುಗನ ಕಣ್ಣು ಅರಳಿತು. ಬೆಲೆ 45,000. ಮಾವನ ಕೈ ಕಿಸೆಯತ್ತ ಹೋಯಿತು. ಮಿಸ್ತ್ರಿ ತಡೆದರು.

“ಎಂಜಿನ್ ಸಸ್ತಾ ಐತ್ರಿ ಸಾವ್ಕಾರ್ರ. ಅದನ್ನ ಕೂಡಸೂದು ತುಟ್ಟಿ. ಸರ, ಬರಕೋರಿ.”

ನಾನು ಬರೆದುಕೊಂಡೆ. ಎಂಜಿನ್ನನ್ನು ಬಿಚ್ಚಿ ಅದರ ಪಂಪು, ನಾಜಲ್ಲುಗಳನ್ನು ಸರಿಪಡಿಸಲು 20,000. ಜೋಡಣೆಯ ತಟ್ಟೆ, ಕ್ಲಚ್ಚು, ಎಂಜಿನ್ನು ಕೂರುವ ಹೊಸ ಕಾಲುಗಳಿಗೆ 18,000. ರೇಡಿಯೇಟರಿಗೆ 9,000. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ಒತ್ತಡ ಹೆಚ್ಚು, ಅದನ್ನು ತಿರುಗಿಸಿ ಎಬ್ಬಿಸಲು ದೊಡ್ಡ ಬ್ಯಾಟರಿ, ಹೊಸ ವಾಯರು ಬೇಕು: 12,000. ಬ್ರೇಕಿಗೆ 15,000. ಹೊಗೆಕೊಳವೆಗೆ 5,000. ಕಾಗದಪತ್ರಗಳಿಗೆ 6,000. ಕೂಡಿಸಿದರೆ 1,30,000.

“ಇದರ ಮ್ಯಾಲ ಐದನೇ ಒಂದು ಪಾಲು ಬ್ಯಾರೆ ತೆಗೆದಿಡ್ರಿ. ಹಳೇ ಗಾಡಿ ಬಿಚ್ಚಿದ ಮ್ಯಾಲ ತನ್ನ ರೋಗ ಹೇಳತೈತಿ.” ಆ 26,000 ಸೇರಿ ಮೊತ್ತ 1,56,000ಕ್ಕೆ ಏರಿತು. ಎಂಜಿನ್ನಿನ ಬೆಲೆ ಅದರ ಮೂರನೆಯ ಒಂದು ಪಾಲೂ ಇರಲಿಲ್ಲ!

ಹುಡುಗ ಸೋಲೊಪ್ಪಲಿಲ್ಲ. “ಆದ್ರ ಜೋರ್ ಓಡತೈತಲ್ಲಾ?” ಎಂದ. ಜೀಪಿನ ಮೂಲ ಎಂಜಿನ್ನು ‘ಹರಿಕೇನ್’. ಸುಮಾರು 2,200 ಸಿ.ಸಿ., ಎಪ್ಪತ್ತರ ಆಸುಪಾಸಿನ ಅಶ್ವಶಕ್ತಿ. ಈ ಡೀಸೆಲ್ಲು ಅದಕ್ಕಿಂತ ಬಲಶಾಲಿಯೇನಲ್ಲ, ಇಂಧನ ಉಳಿಸುತ್ತದೆ ಅಷ್ಟೆ ಎಂದರು ಮಿಸ್ತ್ರಿ. ಮೇಲಾಗಿ ಈ ಜೀಪಿನ ಚಕ್ರ ಒಮ್ಮೆ ಸುತ್ತಲು ಅದರ ತಿರುಗುದಂಡ ಐದಕ್ಕೂ ಹೆಚ್ಚು ಸುತ್ತು ಹಾಕಬೇಕು. ಹೊಲದ ಕೆಸರಿಗೆ ಹೇಳಿಮಾಡಿಸಿದ ನಿಧಾನದ ನಡೆ ಅದು. ಯಾವ ಎಂಜಿನ್ನು ಇಟ್ಟರೂ ಹೆದ್ದಾರಿಯಲ್ಲಿ ಬರಿದೇ ಅರಚಿಕೊಳ್ಳುತ್ತದೆ. ಆಗಲೇ ಬೀದಿಯಲ್ಲೊಂದು ಮುಧೋಳ ನಾಯಿ ಹಾದುಹೋಯಿತು. ಸಪೂರ ಮೈ, ಆಳವಾದ ಎದೆ, ಉದ್ದ ಕಾಲು. ಅದರ ಉಸಿರೂ ಕಾಲೂ ಒಂದಕ್ಕೊಂದು ಒಪ್ಪಿದ್ದವು.

ಹಳೆಯ ಎಂಜಿನ್ನನ್ನೇ ಬೋರು ಹೊಡೆಸಿ, ಹೊಸ ಪಿಸ್ಟನ್ನು, ಬೇರಿಂಗು, ವಾಲ್ವು ಹಾಕಿದರೆ? 55,000. ಬ್ರೇಕು 15,000, ಐದನೆಯ ಪಾಲು 14,000, ಒಟ್ಟು 84,000.

ಕೊನೆಯ ನಿಲುಗಡೆ ಬೀಳಗಿ. ಅಲ್ಲಿ ಕೆಲಸವೇನೂ ಇರಲಿಲ್ಲ, ಮಾವನೇ ಕರೆದೊಯ್ದರು. ಅತ್ತೆಯ ತವರು ಆ ಸೀಮೆಯದು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಆಲಮಟ್ಟಿಯ ಹಿನ್ನೀರು ಏರಿ ಬಂದಾಗ ಆ ಹಳ್ಳಿ ಮುಳುಗಿತು. ನೀರಿನಂಚಿನಲ್ಲಿ ನಿಂತು ಮಾವ ಎದುರಿಗೆ ಕೈ ತೋರಿದರು. ಅಲ್ಲಿ ನೀರಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

“ಹನ್ನೊಂದು ಖೇಪು ಹೊಡದೆ. ಕಡೀ ಖೇಪಿಗೆ ಮನೀ ಹೊಸ್ತಿಲಾ ಕಿತ್ತು ಹೇರಿಕೊಂಡು ಬಂದೆ. ನಿಮ್ಮ ಅತ್ತಿ ಅದರ ಮ್ಯಾಲ ಕೈ ಇಟ್ಟು ಕುಂತಿದ್ಲು. ಕೆಸರಾಗ ಒಮ್ಮೆರ ನಿಲ್ಲಲಿಲ್ಲ ತಮ್ಮಾ, ಆ ಎಂಜಿನ್ನು.”

ಅತ್ತೆ ತೀರಿಕೊಂಡು ಮೂರು ವರ್ಷವಾಗಿದೆ. ನಾನು ಸುಮ್ಮನೆ ಲೆಕ್ಕದ ಚೀಟಿ ತೆಗೆದೆ. ಈಗ ಜೀಪು ಓಡುವುದು ತಿಂಗಳಿಗೆ ನೂರಿಪ್ಪತ್ತು ಕಿಲೋಮೀಟರು. ಹದಿನೈದು ಲೀಟರ್ ಪೆಟ್ರೋಲಿನ ಬದಲು ಹತ್ತು ಲೀಟರ್ ಡೀಸೆಲ್ ಸಾಕು; ಲೀಟರಿಗೆ ಸುಮಾರು ನೂರು, ತೊಂಬತ್ತು ಎಂದು ಹಿಡಿದರೆ ಉಳಿಯುವುದು 600 ರೂಪಾಯಿ. ಹೆಚ್ಚುವರಿಯಾಗಿ ಹಾಕುವ 72,000 ಮರಳಿ ಬರಲು ಹತ್ತು ವರ್ಷ ಬೇಕು.

“ಹತ್ತು ವರ್ಷಕ್ಕ ನನಗ ಎಂಬತ್ನಾಕು. ಅಲ್ಲೀತನಕ ಲಾಭಕ್ಕ ಕಾಯಬೇಕಾ?” ಎಂದು ಮಾವ ನಕ್ಕರು. ಹುಡುಗನೂ ನಕ್ಕ. ದಿನಕ್ಕೆ ನೂರು ಕಿಲೋಮೀಟರು ಓಡುವ ಗಾಡಿಯಾಗಿದ್ದರೆ ಲೆಕ್ಕ ತಿರುವುಮುರುವಾಗುತ್ತಿತ್ತು, ನಮ್ಮದು ಅಂಥದಲ್ಲ.

ಸಂಕ್ರಾಂತಿಗೆ ಮತ್ತೆ ಜಮಖಂಡಿಗೆ ಹೋಗಿದ್ದೆ. ಮಿಸ್ತ್ರಿ ಹೇಳಿದಂತೆ ಗಾಡಿ ತನ್ನ ರೋಗ ಹೇಳಿತ್ತು. ತೆಗೆದಿಟ್ಟ 14,000ದಲ್ಲಿ 11,000 ರೇಡಿಯೇಟರಿಗೂ ನೀರಿನ ಪಂಪಿಗೂ ಹೋಗಿತ್ತು. ಉಳಿದ ಹಣದಲ್ಲಿ ಹುಡುಗ ಸೀಟುಗಳಿಗೆ ಹೊಸ ಹೊದಿಕೆ ಹಾಕಿಸಿದ್ದ. ಚಾಲಕನ ಸ್ಥಾನದಲ್ಲಿ ಅವನೇ ಕುಳಿತಿದ್ದ; ಮಾವ ಪಕ್ಕದಲ್ಲಿ. ಒಂದೇ ಯತ್ನಕ್ಕೆ ಎಂಜಿನ್ನು ಹೊತ್ತಿಕೊಂಡಿತು. ಮಾವ ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿದರು. ಆಮೇಲೆ ಮಗನಿಗೆ ಹೇಳಿದರು:

“ನಡಿ, ಬೀಳಗೀ ದಾರಿ ಹಿಡಿ.”